ಲದ್ದಿ ಎತ್ತುತ್ತಾ ಕಲಿತ ಹುಲ್ಲುಗಾವಲು

ನಮ್ಮ ಹಿರಿಯ ಹೆಣ್ಣು ಕುದುರೆ ಅಂದು ಮೊಣಕಾಲೆತ್ತರಕ್ಕೆ ಬೆಳೆದ ಹಸಿರು ಹುಲ್ಲಿನ ಅಂಚಿನವರೆಗೆ ಬಂದು ನಿಂತಿತು. ಮೂಗರಳಿಸಿ ಮೂಸಿತು, ಮುಖ ತಿರುಗಿಸಿತು, ಮತ್ತೆ ಬೋಳು ನೆಲಕ್ಕೇ ಹೋಯಿತು. ಅಲ್ಲಿ ಉಗುರಿನಷ್ಟೂ ಎತ್ತರವಿಲ್ಲದ ಗರಿಕೆಯನ್ನು ಬುಡಕ್ಕೇ ಬಾಯಿ ಹಾಕಿ ಕೆರೆಯುತ್ತಿತ್ತು. ಹಲ್ಲಿಗೆ ಮಣ್ಣು ಸಿಕ್ಕಿ ಕರಕರ ಎನ್ನುವ ಸದ್ದು ನಾನು ನಿಂತಲ್ಲಿಗೆ ಕೇಳಿಸುತ್ತಿತ್ತು. ಕಣ್ಣೆದುರೇ ಅಷ್ಟು ಹುಲ್ಲಿರುವಾಗ ಇದೇಕೆ ಮಣ್ಣು ತಿನ್ನುತ್ತಿದೆ ಎಂದು ಹಸಿರಿನೊಳಗೆ ಹೋಗಿ ಹುಲ್ಲು ಸರಿಸಿ ನೋಡಿದೆ. ಬುಡದಲ್ಲಿ ಹಳೆಯ ಲದ್ದಿ, ಅದರ ಮೇಲೆ ಹೊಸ ಲದ್ದಿ.

ಆಗ ನನ್ನ ಬಳಿ ಮೂರು ಕುದುರೆಗಳಿದ್ದವು, ಐದು ಎಕರೆ ನೆಲವಿತ್ತು. ಲೆಕ್ಕಕ್ಕೆ ಸಾಕಾಗುವಷ್ಟು ಜಾಗ. ಆದರೆ ಒಂದೇ ಬೇಲಿಯೊಳಗೆ ಹಗಲೂ ರಾತ್ರಿ ಬಿಟ್ಟುಬಿಟ್ಟಿದ್ದೆ. ಹಾಗೆ ಬಿಟ್ಟರೆ ಕುದುರೆಗಳು ನೆಲವನ್ನು ತಾವೇ ಪಾಲು ಮಾಡಿಕೊಳ್ಳುತ್ತವೆ: ಮೇಯುವ ಜಾಗ ಒಂದು, ಲದ್ದಿ ಹಾಕುವ ಜಾಗ ಇನ್ನೊಂದು. ದನಕ್ಕೆ ಮೇಲ್ದವಡೆಯಲ್ಲಿ ಬಾಚಿಹಲ್ಲು ಇಲ್ಲ. ಹುಲ್ಲನ್ನು ನಾಲಿಗೆಯಿಂದ ಸುತ್ತಿ ಎಳೆಯುತ್ತದೆ, ಬುಡ ಉಳಿಯುತ್ತದೆ. ಕುದುರೆಗೆ ಮೇಲೂ ಕೆಳಗೂ ಬಾಚಿಹಲ್ಲು ಇರುವುದರಿಂದ ನೆಲಮಟ್ಟಕ್ಕೆ ಕತ್ತರಿಸಬಲ್ಲದು. ಎಳೆ ಚಿಗುರಿನ ಆಸೆಗೆ ಅದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ. ಅಲ್ಲಿನ ಸಾರವನ್ನು ಹೊಟ್ಟೆಯಲ್ಲಿ ಹೊತ್ತು ಲದ್ದಿಯ ಜಾಗಕ್ಕೆ ಸುರಿಯುತ್ತದೆ. ವರ್ಷಗಳು ಕಳೆದಂತೆ ಒಂದು ಕಡೆ ನೆಲ ಸೊರಗುತ್ತದೆ, ಇನ್ನೊಂದು ಕಡೆ ಕೊಬ್ಬುತ್ತದೆ. ಹುಲ್ಲು ಸಾಲದಿರುವುದು ಒಂದು ತೊಂದರೆ, ಲದ್ದಿ ಹೆಚ್ಚಾಗುವುದು ಇನ್ನೊಂದು ತೊಂದರೆ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಎರಡೂ ಒಂದೇ ಕಾಯಿಲೆ ಎಂದು ಅರ್ಥವಾದದ್ದು ಅಂದು.

ಮೊದಲು ಕೈಗೆತ್ತಿಕೊಂಡದ್ದು ಲದ್ದಿಯನ್ನೇ. 450–500 ಕಿಲೋ ತೂಕದ ಕುದುರೆ ಲದ್ದಿ, ಮೂತ್ರ ಸೇರಿ ದಿನಕ್ಕೆ ಸುಮಾರು 20–25 ಕಿಲೋ ಹೊರಹಾಕುತ್ತದೆ. ವರ್ಷಕ್ಕೆ ಏಳರಿಂದ ಒಂಬತ್ತು ಟನ್. ಮೂರಕ್ಕೆ ಗುಣಿಸಿದಾಗ ಒಂದು ಕ್ಷಣ ಸುಮ್ಮನೆ ಕೂತುಬಿಟ್ಟೆ. ಇಷ್ಟನ್ನೂ ಮಳೆ, ಬಿಸಿಲು ನೋಡಿಕೊಳ್ಳುತ್ತವೆ ಎಂದು ನಂಬಿದ್ದೆನಲ್ಲ!

ಅದೇ ಹೊತ್ತಿಗೆ ಮೂರರಲ್ಲಿ ಒಂದು ಕುದುರೆ ಎಷ್ಟು ಮೇವು ಹಾಕಿದರೂ ಮೈ ಹಿಡಿಯುತ್ತಿರಲಿಲ್ಲ, ರೋಮ ಮಂಕಾಗಿತ್ತು. ಎರಡು ತಿಂಗಳಿಗೊಮ್ಮೆ ಮೂರಕ್ಕೂ ತಪ್ಪದೆ ಜಂತುಹುಳುವಿನ ಔಷಧಿ ಕೊಡುತ್ತಿದ್ದೆ. ಪಶುವೈದ್ಯರು ಬಂದಾಗ ಮತ್ತೊಂದು ಔಷಧಿ ಬರೆದುಕೊಡಿ ಎಂದೆ. "ಮೊದಲು ಮೂರರದ್ದೂ ಲದ್ದಿ ಬೇರೆ ಬೇರೆ ತನ್ನಿ, ಔಷಧಿಯ ಮಾತು ಆಮೇಲೆ," ಎಂದರು. ಎರಡರಲ್ಲಿ ಗ್ರಾಂಗೆ 200ಕ್ಕಿಂತ ಕಡಿಮೆ ಮೊಟ್ಟೆಗಳಿದ್ದವು, ಸೊರಗಿದ್ದರಲ್ಲಿ 900. ಸಾಮಾನ್ಯವಾಗಿ ಗುಂಪಿನ ಹೆಚ್ಚಿನ ಮೊಟ್ಟೆಗಳನ್ನು ಉದುರಿಸುವುದು ಕೆಲವೇ ಕುದುರೆಗಳು. ಎಲ್ಲಕ್ಕೂ ಸುಮ್ಮನೆ ಔಷಧಿ ಕೊಡುತ್ತಾ ಹೋದರೆ ಔಷಧಿಗೆ ಬಗ್ಗದ ಹುಳುಗಳಷ್ಟೇ ಉಳಿದುಕೊಳ್ಳುತ್ತವೆ. ಅಂದಿನಿಂದ ಲದ್ದಿ ಪರೀಕ್ಷೆ ಮಾಡಿಸಿಯೇ ಔಷಧಿ. ಔಷಧಿ ಕೊಟ್ಟ ಹದಿನಾಲ್ಕನೆಯ ದಿನ ಮತ್ತೆ ಪರೀಕ್ಷೆ. ಅದು ಕೆಲಸ ಮಾಡಿತೋ ಇಲ್ಲವೋ ತಿಳಿಯಲು ಬೇರೆ ದಾರಿಯಿಲ್ಲ. ಕರುಳಿನ ಗೋಡೆಯೊಳಗೆ ಅಡಗಿ ಕೂತ ಮರಿಗಳು ಈ ಎಣಿಕೆಗೆ ಸಿಗುವುದಿಲ್ಲ. ಹಾಗಾಗಿ ಮೊಟ್ಟೆ ಕಡಿಮೆಯಿದ್ದರೂ ವರ್ಷಕ್ಕೊಮ್ಮೆ ಯಾವ ಔಷಧಿ, ಯಾವಾಗ ಎಂಬುದನ್ನು ಅವರಿಗೇ ಬಿಟ್ಟಿದ್ದೇನೆ.

ಹುಳುವಿನ ಬದುಕು ತಿಳಿದ ಮೇಲೆ ಲದ್ದಿ ಎತ್ತುವುದು ನನಗೆ ಬೇಸರದ ಕೆಲಸವಾಗಿ ಉಳಿಯಲಿಲ್ಲ. ಲದ್ದಿಯಲ್ಲಿ ಬಿದ್ದ ಮೊಟ್ಟೆ ಬೆಚ್ಚಗಿನ ಒದ್ದೆ ಹವೆಯಲ್ಲಿ ಒಡೆದು, ಒಂದು ವಾರದ ಆಸುಪಾಸಿನಲ್ಲಿ ಕುದುರೆಯ ಹೊಟ್ಟೆ ಸೇರಲು ಸಿದ್ಧವಾದ ಮರಿಯಾಗುತ್ತದೆ. ಇಬ್ಬನಿಯ ನೀರಿನ ಪದರದಲ್ಲಿ ಈಜಿಕೊಂಡು ಹುಲ್ಲಿನ ಎಸಳು ಏರುತ್ತದೆ. ಹಾಗಾದರೆ ವಾರಕ್ಕೆ ಎರಡು ಸಲ ಲದ್ದಿ ಎತ್ತಿದರೆ ಅದು ಎಸಳು ಏರುವ ಮೊದಲೇ ತಳ್ಳುಗಾಡಿ ಏರುತ್ತದೆ. ಲೆಕ್ಕ ಇಷ್ಟು ಸರಳ. ಬುಧವಾರ ಮತ್ತು ಭಾನುವಾರ, ಬೆಳಗಿನ ಹೊತ್ತು ಒಂದೂವರೆ ಗಂಟೆಯ ಕೆಲಸ. ಮುಳ್ಳುಗಳ ನಡುವೆ ಸಂದು ಕಿರಿದಾಗಿರುವ ಹಗುರ ಫೋರ್ಕ್ ಇದ್ದರೆ ಉಂಡೆಗಳು ಜಾರುವುದಿಲ್ಲ, ಬೆನ್ನೂ ಉಳಿಯುತ್ತದೆ. ನೊಣದ ಕಾಟವೂ ಇದರಿಂದಲೇ ತಗ್ಗಿತು. ಬೇಸಿಗೆಯಲ್ಲಿ ನೊಣ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಹತ್ತು ದಿನವೂ ಬೇಕಾಗುವುದಿಲ್ಲ.

ಒಂದು ದೊಡ್ಡ ತಪ್ಪನ್ನು ಇಲ್ಲಿ ಹೇಳಲೇಬೇಕು. ಎತ್ತುವ ಶ್ರಮ ಉಳಿಸಲು ಒಮ್ಮೆ ಮೋಡ ಕವಿದ ಒದ್ದೆ ವಾರದಲ್ಲಿ, ಕುದುರೆಗಳು ಮೇಯುತ್ತಿದ್ದಾಗಲೇ, ಕುಂಟೆ ಎಳೆದು ಲದ್ದಿಯನ್ನೆಲ್ಲ ಹರಡಿಬಿಟ್ಟೆ. ನೋಡಲು ಹೊಲ ಅಚ್ಚುಕಟ್ಟಾಗಿತ್ತು. ಆದರೆ ಕುದುರೆಗಳು ಅಲ್ಲಿಯವರೆಗೆ ತಾವಾಗಿ ದೂರವಿಟ್ಟಿದ್ದ ಹುಳುಗಳನ್ನು ಅವು ಮೇಯುವ ಜಾಗಕ್ಕೇ ನಾನು ಹೊತ್ತು ತಂದಿದ್ದೆ. ಆ ಮರಿಗಳು ಒಂದು ಪೊರೆಯೊಳಗೆ ಇರುತ್ತವೆ, ಏನನ್ನೂ ತಿನ್ನಲಾರವು. ಕೂಡಿಟ್ಟ ಶಕ್ತಿಯಲ್ಲೇ ಬದುಕಬೇಕು. ಒಣ ಬಿಸಿಲಿನಲ್ಲಿ ಆ ಶಕ್ತಿ ಬೇಗ ತೀರುತ್ತದೆ, ತಂಪಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಕುಂಟೆ ಎಳೆಯುವುದಿದ್ದರೆ ಸುಡುವ ಒಣ ದಿನಗಳಲ್ಲಿ, ಕುದುರೆಗಳಿಲ್ಲದ ತುಂಡಿನಲ್ಲಿ ಮಾತ್ರ. ಆಮೇಲೆ ಆ ತುಂಡಿಗೆ ಕೆಲವು ವಾರ ಕುದುರೆ ಕಾಲಿಡಬಾರದು.

ಇನ್ನು ಹುಲ್ಲು. ಐದು ಎಕರೆಯನ್ನು ವಿದ್ಯುತ್ ತಂತಿಯಿಂದ ನಾಲ್ಕು ತುಂಡು ಮಾಡಿದೆ. ಹುಲ್ಲು ಒಂದು ಗೇಣಿನಷ್ಟು, ಅಂದರೆ 15–20 ಸೆಂಟಿಮೀಟರ್ ಬೆಳೆದಾಗ ಒಳಗೆ ಬಿಡುತ್ತೇನೆ; 8 ಸೆಂಟಿಮೀಟರಿಗೆ ಇಳಿಯಿತೆಂದರೆ ಹೊರಗೆ. ಮೊದಲ ವರ್ಷ ದಿನ ಎಣಿಸುತ್ತಿದ್ದೆ, ವಾರಕ್ಕೊಂದು ತುಂಡು ಎಂದು. ಹುಲ್ಲಿಗೆ ಪಂಚಾಂಗ ಗೊತ್ತಿಲ್ಲ. ಒಳ್ಳೆಯ ಮಳೆ ಬಿದ್ದಾಗ ಮೂರು ವಾರದಲ್ಲಿ ಮೇಲೆದ್ದ ತುಂಡು ಬರದಲ್ಲಿ ಎರಡು ತಿಂಗಳಾದರೂ ಏಳಲಿಲ್ಲ. ಈಗ ಫೋರ್ಕಿನ ಹಿಡಿಯ ಮೇಲೆ ಎರಡು ಗೆರೆ ಎಳೆದುಕೊಂಡಿದ್ದೇನೆ. ಲದ್ದಿ ಎತ್ತುತ್ತಾ ಹತ್ತಾರು ಕಡೆ ನೆಟ್ಟಗೆ ನಿಲ್ಲಿಸಿ ನೋಡಿದರೆ ಮುಗಿಯಿತು. ಹುಲ್ಲು ಮತ್ತೆ ಚಿಗುರಲು ಬೇಕಾದ ಸಕ್ಕರೆಯನ್ನು ಬುಡದಲ್ಲಿ ಕೂಡಿಟ್ಟಿರುತ್ತದೆ. ಬುಡದವರೆಗೆ ಮೇಯಿಸಿದರೆ ಅದರ ಬಂಡವಾಳವನ್ನೇ ಕಿತ್ತುಕೊಂಡಂತೆ. ಗೊರಸಿನ ಉರಿಯೂತಕ್ಕೆ ಒಳಗಾಗುವ ಕುದುರೆಗೆ ಈ ಸಕ್ಕರೆಯೇ ಅಪಾಯ. ಬೋಳು ನೆಲ ಅಂಥ ಕುದುರೆಗೆ ಸುರಕ್ಷಿತ ಎಂಬುದು ತಪ್ಪು ತಿಳಿವಳಿಕೆ.

ಕುದುರೆಗಳು ಬಿಟ್ಟುಹೋದ ಒರಟು ಹುಲ್ಲಿಗೆ ನೆರೆಯವರ ಎರಡು ಹಸುಗಳನ್ನು ಬಿಡುತ್ತೇನೆ. ಕುದುರೆ ಮುಟ್ಟದ ಲದ್ದಿಯ ಸುತ್ತಲಿನ ಹುಲ್ಲನ್ನು ಅವು ನೆಮ್ಮದಿಯಾಗಿ ತಿನ್ನುತ್ತವೆ. ಕುದುರೆಯ ಹುಳುಗಳಲ್ಲಿ ಹೆಚ್ಚಿನವು ಹಸುವಿನ ಹೊಟ್ಟೆಯಲ್ಲಿ ಬದುಕುವುದಿಲ್ಲ, ಅಲ್ಲಿಗೇ ಅವುಗಳ ದಾರಿ ಮುಗಿಯುತ್ತದೆ. ಉಳಿದ ದಂಟುಗಳನ್ನು ಕತ್ತರಿಸುತ್ತೇನೆ. ಹಾಗೆ ಕತ್ತರಿಸಿ ಗುಡ್ಡೆಯಾದ ಹಸಿ ಹುಲ್ಲನ್ನು ಮಾತ್ರ ಯಾವ ಕಾರಣಕ್ಕೂ ಕುದುರೆಗೆ ಹಾಕಬೇಡಿ. ಅದು ಬೇಗ ಹುಳಿಯುತ್ತದೆ, ಹೊಟ್ಟೆಶೂಲೆ ತರುತ್ತದೆ.

ನೆಲ ಕೆಸರಾದ ದಿನಗಳಿಗೆ ಲಾಯದ ಪಕ್ಕದ ಎತ್ತರದ ಮೂಲೆಯೊಂದನ್ನು ಕೈಬಿಟ್ಟಿದ್ದೇನೆ. ಅಲ್ಲಿ ಹುಲ್ಲಿಲ್ಲ, ಜಲ್ಲಿ ಹಾಕಿದೆ. ಮಳೆ ಹಿಡಿದಾಗ ಕುದುರೆಗಳು ಅಲ್ಲೇ ಒಣ ಮೇವು ತಿನ್ನುತ್ತವೆ. ಆ ಒಂದು ಮೂಲೆ ಕೊಟ್ಟದ್ದರಿಂದ ನಾಲ್ಕು ತುಂಡು ಉಳಿದವು. ಒದ್ದೆ ನೆಲದಲ್ಲಿ ಒಂದು ದಿನದ ತುಳಿತ ತಿಂಗಳುಗಟ್ಟಲೆ ಕಾಣುತ್ತದೆ.

ಎತ್ತಿದ ಲದ್ದಿ ಎಲ್ಲಿಗೆ? ಬಾವಿಯಿಂದಲೂ ಹಳ್ಳದಿಂದಲೂ ದೂರ, ನೀರು ಹರಿಯದ ಎತ್ತರದಲ್ಲಿ, ಅಕ್ಕಪಕ್ಕ ಮೂರು ಹಲಗೆ ಗೂಡು ಕಟ್ಟಿದ್ದೇನೆ. ಒಂದು ತುಂಬುತ್ತಿರುತ್ತದೆ, ಒಂದು ಬೇಯುತ್ತಿರುತ್ತದೆ, ಒಂದು ಹಣ್ಣಾಗುತ್ತಿರುತ್ತದೆ. ಮೊದಲ ವರ್ಷದ ಗುಡ್ಡೆ ಬೇಯಲೇ ಇಲ್ಲ. ಲಾಯದಲ್ಲಿ ಮರದ ಹೊಟ್ಟನ್ನು ಧಾರಾಳವಾಗಿ ಹಾಸುತ್ತಿದ್ದೆ, ಗುಡ್ಡೆಯಲ್ಲಿ ಲದ್ದಿಗಿಂತ ಹೊಟ್ಟೇ ಹೆಚ್ಚಿತ್ತು. ಆರು ತಿಂಗಳಾದರೂ ತಣ್ಣಗೆ ಕೂತಿದ್ದ ಅದನ್ನು ಗೊಬ್ಬರವೆಂದೇ ಹೊಲಕ್ಕೆ ಹರಡಿದೆ, ಹುಲ್ಲು ಹಳದಿಯಾಯಿತು. ಹೊಟ್ಟಿನಲ್ಲಿ ಇಂಗಾಲ ಬಹಳ, ಸಾರಜನಕ ಅತ್ಯಲ್ಪ. ಅದನ್ನು ಕರಗಿಸುವ ಸೂಕ್ಷ್ಮಜೀವಿಗಳು ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಕಸಿದುಕೊಂಡವು. ಒಂದು ಪಾಲು ಸಾರಜನಕಕ್ಕೆ 25–30 ಪಾಲು ಇಂಗಾಲ ಇದ್ದರೆ ಗುಡ್ಡೆ ಚೆನ್ನಾಗಿ ಕಾಯುತ್ತದೆ. ಈಗ ಹಾಸಿನಿಂದ ಒದ್ದೆ ಭಾಗವನ್ನು ಮಾತ್ರ ತೆಗೆಯುತ್ತೇನೆ, ಕತ್ತರಿಸಿದ ಹಸಿ ಹುಲ್ಲು ಬೆರೆಸುತ್ತೇನೆ, ಮೇಲೆ ತಾಡಪಾಲು ಮುಚ್ಚುತ್ತೇನೆ. ತೇವದ ಹದಕ್ಕೆ ನನ್ನ ಅಳತೆ ಕೈಯೇ: ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದರೆ ಒಂದೆರಡು ಹನಿ ಜಿನುಗಬೇಕು, ಧಾರೆಯಾಗಬಾರದು.

ಸರಿಯಾಗಿ ಕೂಡಿಸಿದ ಗುಡ್ಡೆಗೆ ಮೂರನೆಯ ದಿನ ಕೈ ತೂರಿಸಿದೆ. ಮಣಿಕಟ್ಟಿನವರೆಗೆ ಬೆಚ್ಚಗೆ, ಮೊಣಕೈ ಹೊತ್ತಿಗೆ ತಡೆಯಲಾಗದೆ ಹೊರಗೆಳೆದುಕೊಂಡೆ. ತೋಳಿನ ಮೇಲೆ ಹಬೆ ಏಳುತ್ತಿತ್ತು. ಉದ್ದ ಕಡ್ಡಿಯ ಉಷ್ಣಮಾಪಕ ಚುಚ್ಚಿದಾಗ 62 ಡಿಗ್ರಿ. ಅಂದಿನ ಸಂತೋಷ ಇನ್ನೂ ನೆನಪಿದೆ. 55 ಡಿಗ್ರಿಗಿಂತ ಮೇಲೆ ಕನಿಷ್ಠ ಮೂರು ದಿನ ನಿಂತರೆ ಹುಳುವಿನ ಮೊಟ್ಟೆಗಳೂ ಹೆಚ್ಚಿನ ಕಳೆಬೀಜಗಳೂ ಸಾಯುತ್ತವೆ. ಆದರೆ ಹೊರಮೈ ತಣ್ಣಗೇ ಇರುತ್ತದೆ, ಆದ್ದರಿಂದ ಕಾವು ಇಳಿದಾಗಲೆಲ್ಲ ಹೊರಗಿನದು ಒಳಗೆ ಹೋಗುವಂತೆ ಮಗುಚಬೇಕು. ನಾಲ್ಕೈದು ತಿಂಗಳಲ್ಲಿ ಗುಡ್ಡೆ ಅರ್ಧಕ್ಕಿಳಿದು, ಲದ್ದಿಯ ವಾಸನೆ ಹೋಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಹೊಲದ ಮಣ್ಣನ್ನು ಪರೀಕ್ಷಿಸಿ, ಸೊರಗಿದ ಬೋಳು ಭಾಗಗಳಿಗೇ ಮೊದಲು ತೆಳ್ಳಗೆ ಹರಡುತ್ತೇನೆ. ಹಸಿ ಲದ್ದಿಯನ್ನು ಮೇಯುವ ನೆಲಕ್ಕೆ ಹರಡುವುದಿಲ್ಲ.

ಮಿಕ್ಕ ಗೊಬ್ಬರಕ್ಕೆ ತರಕಾರಿ ಬೆಳೆಯುವವರಿಂದ ಬೇಡಿಕೆಯಿದೆ. ಕೊಡುವ ಮೊದಲು ಒಂದು ಪರೀಕ್ಷೆಯನ್ನು ತಪ್ಪಿಸುವುದಿಲ್ಲ. ಅಗಲ ಎಲೆಯ ಕಳೆಗಳಿಗೆ ಸಿಂಪಡಿಸುವ ಅಮಿನೋಪೈರಾಲಿಡ್‌ನಂಥ ಕಳೆನಾಶಕಗಳು ಒಣ ಮೇವಿನಲ್ಲಿ ಉಳಿದು, ಕುದುರೆಯ ಹೊಟ್ಟೆ ದಾಟಿ, ಗುಡ್ಡೆಯ ಕಾವನ್ನೂ ತಾಳಿಕೊಂಡು ಗೊಬ್ಬರದಲ್ಲಿ ಜೀವಂತವಾಗಿರುತ್ತವೆ. ಮೇವು ಕೊಳ್ಳುವಾಗ ಏನು ಸಿಂಪಡಿಸಿದ್ದೀರಿ ಎಂದು ಕೇಳುತ್ತೇನೆ. ಉತ್ತರ ಯಾವಾಗಲೂ ಸಿಗುವುದಿಲ್ಲ. ಅದಕ್ಕೆ ಪ್ರತಿ ಗೂಡಿನ ಗೊಬ್ಬರವನ್ನು ಮೂರು ಕುಂಡಗಳಲ್ಲಿ ಮಣ್ಣಿನೊಂದಿಗೆ ಬೆರೆಸಿ ಹುರುಳಿಕಾಯಿ ಬೀಜ ಬಿತ್ತುತ್ತೇನೆ, ಪಕ್ಕದಲ್ಲಿ ಬರೀ ಮಣ್ಣಿನ ಮೂರು ಕುಂಡ. ಮೂರನೆಯ ಜೊತೆ ಎಲೆ ಬರುವವರೆಗೆ ಕಾಯುತ್ತೇನೆ. ಗೊಬ್ಬರದ ಕುಂಡದ ಎಲೆಗಳು ಬಟ್ಟಲಿನಂತೆ ಮುದುಡಿದರೆ ಆ ಗೂಡು ನಮ್ಮ ಹುಲ್ಲಿಗೆ ಮಾತ್ರ. ಎಲೆ ಅಗಲವಾಗಿ ಬಿಚ್ಚಿಕೊಂಡರೆ ಚೀಲ ತನ್ನಿ ಎಂದು ಫೋನ್ ಮಾಡುತ್ತೇನೆ.