ಮೂಡಲ್‌ನಲ್ಲಿ ನಿಂತುಹೋಗಿದ್ದ ಕ್ರಾನ್ ಮತ್ತೆ ಓಡಿದ್ದು: ನನ್ನ ಅನುಭವ

ವಿಜಯಪುರದ ನಮ್ಮ ಪದವಿ ಕಾಲೇಜಿನ ಮೂಡಲ್ ಎಂಬ ಆನ್‌ಲೈನ್ ಕಲಿಕಾ ತಂತ್ರಾಂಶವನ್ನು ಉಬುಂಟು ಆಪರೇಟಿಂಗ್ ಸಿಸ್ಟಮ್ ಇರುವ ಹೊಸ ಸರ್ವರ್‌ಗೆ ಸ್ಥಳಾಂತರಿಸಿದ ಮೇಲೆ, ಅಂಕ ನೀಡಿದ ಸೂಚನೆಗಳು ವಿದ್ಯಾರ್ಥಿಗಳಿಗೆ ತಲುಪುತ್ತಿರಲಿಲ್ಲ. ಅವಧಿ ಮುಗಿದ ಕಿರುಪರೀಕ್ಷೆಗಳು ತಾವಾಗಿ ಸಲ್ಲಿಕೆಯಾಗುತ್ತಿರಲಿಲ್ಲ. ಪರೀಕ್ಷಾರ್ಥವಾಗಿ ಕಳುಹಿಸಿದ ಇಮೇಲ್ ತಕ್ಷಣ ಬಂದುದರಿಂದ ಮೇಲ್ ಸರ್ವರ್ ಮೇಲಿನ ಸಂಶಯ ದೂರವಾಯಿತು.

ಇಂಥ ಹಿನ್ನೆಲೆಯ ಕೆಲಸಗಳನ್ನೆಲ್ಲ ಮೂಡಲ್‌ನಲ್ಲಿ, ನಿಗದಿತ ಸಮಯಕ್ಕೆ ತಾನಾಗಿ ಓಡುವ ಕ್ರಾನ್ ಎಂಬ ವ್ಯವಸ್ಥೆ ನಡೆಸುತ್ತದೆ. ಡೇಟಾಬೇಸನ್ನೂ ಅಪ್‌ಲೋಡ್ ಆದ ಕಡತಗಳಿರುವ ಮೂಡಲ್‌ಡೇಟಾ ಫೋಲ್ಡರನ್ನೂ ನಕಲು ಮಾಡಿದರೂ ಯಾವಾಗ ಏನು ಓಡಬೇಕೆಂದು ಕ್ರಾನ್‌ಗೆ ತಿಳಿಸುವ ಕ್ರಾನ್‌ಟ್ಯಾಬ್ ಪಟ್ಟಿಯ ಸಾಲು ಅವುಗಳೊಡನೆ ಬರುವುದಿಲ್ಲ, ಏಕೆಂದರೆ ಅದು ಆಪರೇಟಿಂಗ್ ಸಿಸ್ಟಮ್‌ನಲ್ಲಿರುತ್ತದೆ. ಆ ಸಾಲನ್ನು, ಸರ್ವರ್ ಮೇಲೆ ಪೂರ್ಣ ಅಧಿಕಾರವಿರುವ ರೂಟ್ ಬಳಕೆದಾರನ ಹೆಸರಿನಲ್ಲಿ ಸೇರಿಸುವುದು ಸುಲಭವಾದರೂ ಸರಿಯಲ್ಲ: ಮೂಡಲ್‌ಡೇಟಾದೊಳಗೆ ರೂಟ್ ಒಡೆತನದ ಕಡತಗಳು ಹುಟ್ಟಿಕೊಂಡು, ವೆಬ್ ಸರ್ವರ್‌ಗೆ ಅಲ್ಲಿ ಬರೆಯಲಾಗದೆ ಅನುಮತಿ ದೋಷಗಳು ತಲೆದೋರುತ್ತವೆ. ಆದ್ದರಿಂದ ನಮ್ಮ ವೆಬ್ ಸರ್ವರ್ ತಂತ್ರಾಂಶವಾದ ಅಪಾಚೆ ಬಳಸುವ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಬಳಕೆದಾರನ ಕ್ರಾನ್‌ಟ್ಯಾಬ್‌ನಲ್ಲಿಯೇ, ಅಡ್ಮಿನ್ ಫೋಲ್ಡರ್‌ನ ಸಿಎಲ್‌ಐ (ಕಮಾಂಡ್ ಲೈನ್) ಉಪಫೋಲ್ಡರ್ ಒಳಗಿರುವ ಕ್ರಾನ್ ಕಡತವು ಪ್ರತಿ ನಿಮಿಷವೂ ಓಡುವಂತೆ ಬರೆದೆ.

ಸಾಮಾನ್ಯವಾಗಿ ಕಣ್ಣಿಗೆ ಬೀಳದ ಸಂಗತಿ ಇನ್ನೊಂದಿದೆ. ಉಬುಂಟುವಿನಲ್ಲಿ ಕಮಾಂಡ್ ಲೈನ್‌ನ ಪಿಎಚ್‌ಪಿಗೆ (ಮೂಡಲ್ ಬರೆದಿರುವ ಪ್ರೋಗ್ರಾಮಿಂಗ್ ಭಾಷೆ) ಐಎನ್‌ಐ ಎಂಬ ಪ್ರತ್ಯೇಕ ಸೆಟ್ಟಿಂಗ್ಸ್ ಕಡತವಿರುವುದರಿಂದ, ಪಿಎಚ್‌ಪಿ 8ರೊಂದಿಗೆ ಮೂಡಲ್ ಕೇಳುವ ಮ್ಯಾಕ್ಸ್ ಇನ್‌ಪುಟ್ ವಾರ್ಸ್ (ಒಮ್ಮೆಗೆ ಸ್ವೀಕರಿಸುವ ಇನ್‌ಪುಟ್‌ಗಳ ಗರಿಷ್ಠ ಸಂಖ್ಯೆ) ಮಿತಿಯಾದ 5000ವನ್ನು ಅಲ್ಲಿಯೂ ನಮೂದಿಸಬೇಕು. ಬಳಿಕ ನಿಗದಿತ ಕಾರ್ಯಗಳ ಪುಟದಲ್ಲಿ ಪ್ರತಿಯೊಂದು ಕಾರ್ಯ ಕೊನೆಯದಾಗಿ ಓಡಿದ ಸಮಯವು ಬದಲಾಗತೊಡಗಿತು. ಬಾಕಿ ಉಳಿದಿದ್ದ ಕಿರುಪರೀಕ್ಷೆಗಳೂ ಸಲ್ಲಿಕೆಯಾದವು.