ಬಗನಿ ಕಳ್ಳು ಬೇಗ ಕೆಡ್ತಿದ್ರೆ ಮೊದಲು ಮಡಕೆ ನೋಡಿ

ಬಗನಿ (ಬೈನೆ) ಮರದಿಂದ ಇಳಿಸಿದ ಕಳ್ಳು ಯಾಕೆ ಬೇಗ ಕೆಡುತ್ತೆ ಅಂತ ತೀರ್ಥಹಳ್ಳಿ ಕಡೆಯವರು ಕೇಳಿದ್ರಲ್ಲ, ಅದಕ್ಕೆ ಹೇಳ್ತಿದೀನಿ. ಮಜ್ಜಿಗೆಯಂಥ ಹುಳಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ್ದು, ಅದು ಇರೋದೇ. ಮೂಗಿಗೆ ಹೊಡೆಯೋ ವಿನೆಗರ್ ಹುಳಿ ಮಾತ್ರ ಅಸಿಟೋಬ್ಯಾಕ್ಟರ್ ಅನ್ನೋ ಬೇರೆ ಬ್ಯಾಕ್ಟೀರಿಯಾದ ಕೆಲಸ. ಯೀಸ್ಟ್ ಮಾಡಿಟ್ಟ ಆಲ್ಕೋಹಾಲನ್ನ ಅಸಿಟಿಕ್ ಆಮ್ಲ ಮಾಡೋಕೆ ಅದಕ್ಕೆ ಗಾಳಿ ಬೇಕೇ ಬೇಕು. ಹಾಗಾಗಿ ಅಗಲ ಬಾಯಿ ಪಾತ್ರೆ ಬಿಡಿ, ಕಿರುಬಾಯಿಯದ್ದನ್ನ ಕುತ್ತಿಗೆವರೆಗೂ ತುಂಬಿ. ಮುಚ್ಚಳ ಬಿಗಿ ಮಾಡ್ಬೇಡಿ ಮಾರಾಯ್ರೆ, ಗ್ಯಾಸಿಗೆ ಬಾಟಲಿ ಸಿಡಿಯುತ್ತೆ!

ಲೋಳೆ ಎಳೆ ಎಳೆಯಾಗಿ ಬಂದ್ರೆ ಲ್ಯೂಕೊನೊಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ ಅಂತ ಅನುಮಾನ ಪಡಿ, ಸಕ್ಕರೆಯಿಂದ ಅಂಟು ಮಾಡೋದು ಅದೇ. ಮಡಕೆಯನ್ನ ಕುದಿಯೋ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ನಮಗೆಲ್ಲಿಯ ಬಿಸಿಲು, ಒಲೆ ಪಕ್ಕವೇ ಗತಿ. ನಿನ್ನೆಯ ಗಷ್ಟಿಗೆ, ಅಂದ್ರೆ ತಳದಲ್ಲಿ ಉಳಿದ ಮಡ್ಡಿಗೆ, ಇವತ್ತಿನ ಕಳ್ಳು ಸುರಿಯೋ ಅಭ್ಯಾಸ ನನಗಂತೂ ಸರಿ ಕಾಣಲ್ಲ. ಬೆಲ್ಲಕ್ಕೆ ರಸ ಬೇಕಿದ್ರೆ ಹುಳಿ ಬಾರದ ಹಾಗೆ ಮಡಕೆ ಒಳಗೆ ಸುಣ್ಣ ಸವರಿ ಮರಕ್ಕೆ ಕಟ್ಟಿ, ಇಳಿಸಿದ ಕೂಡಲೇ ಕಾಯಿಸಿ.