ಅರಳುವ ಕೂದಲು, ಅರಳದ ಕೂದಲು: ಫ್ಲೈ ಕಟ್ಟಲು ಜಿಂಕೆ ಕೂದಲನ್ನು ಆರಿಸಿ ಹದ ಮಾಡುವುದು ಹೇಗೆ?

ಫ್ಲೈ ಎಂದರೆ ಗಾಳಕ್ಕೆ ಕೂದಲು, ದಾರ ಕಟ್ಟಿ ಮಾಡುವ ಹುಸಿ ಎರೆ. ತೋಟದ ಕೆರೆಯ ಕೊರವ ಮೀನಿಗೆ ನೀರಿನ ಮೇಲೆ ತೇಲುವ ಕಪ್ಪೆಯಾಕಾರದ ಫ್ಲೈ, ಹೊಳೆಯ ಮಹಶೀರ್‌ಗೆ ದಪ್ಪ ತಲೆಯ ಮಡ್ಲರ್ ಎಂಬ ಫ್ಲೈ. ಎರಡಕ್ಕೂ ಬೇಕಾದದ್ದು ಜಿಂಕೆ ಕೂದಲು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯುವಾಗ ಗಾಳ ಹಾಕುವ ಮಾತಿಲ್ಲ, ಹಾಗಾಗಿ ಕೊಡಗಿನಲ್ಲಿ ಫ್ಲೈ ಕಟ್ಟಲು ಕೂರುವುದು ಆ ತಿಂಗಳುಗಳಲ್ಲೇ. ಹೊಸಬರು ‘ಡಿಯರ್ ಹೇರ್’ ಎಂದು ಬರೆದ ಯಾವುದೋ ಒಂದು ಪ್ಯಾಕೆಟ್ ತರಿಸಿ ಎಲ್ಲಕ್ಕೂ ಅದನ್ನೇ ಬಳಸುತ್ತಾರೆ. ಆಗ ಅರಳಬೇಕಾದ ತಲೆ ಅರಳುವುದಿಲ್ಲ, ಒತ್ತಾಗಿ ಮಲಗಬೇಕಾದ ರೆಕ್ಕೆ ಪೊದೆಯಂತೆ ಎದ್ದು ನಿಲ್ಲುತ್ತದೆ. ಕೂದಲು ಜಿಂಕೆಯ ಮೈಯ ಯಾವ ಭಾಗದ್ದು ಎಂಬುದನ್ನು ನೋಡಿ ಕೊಂಡರೆ ಈ ತಾಪತ್ರಯದಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ.

ಕಾಡಿನದು ಬೇಡ

ನಮ್ಮ ಕಡವೆ, ಚುಕ್ಕಿ ಜಿಂಕೆ, ಕಾಡುಕುರಿ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ತಾನಾಗಿಯೇ ಸತ್ತು ಬಿದ್ದ ಪ್ರಾಣಿಯೂ ಸರ್ಕಾರದ ಸ್ವತ್ತು. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿದ ಜಿಂಕೆಯ ತೊಗಲನ್ನಾಗಲೀ ಬೇಲಿಗೆ ಸಿಕ್ಕಿಕೊಂಡ ಕೂದಲನ್ನಾಗಲೀ ಎತ್ತಿಕೊಂಡು ಬರಬಾರದು. ಹಳೆಯ ಮನೆಗಳ ಗೋಡೆಯ ಮೇಲೆ ಅಜ್ಜಂದಿರ ಕಾಲದ ತೊಗಲು ಇದ್ದರೆ ಅದಕ್ಕೂ ಕತ್ತರಿ ತಾಗಿಸಬೇಡಿ. ಬಳಸಬೇಕಾದದ್ದು ಫ್ಲೈ ಸಾಮಾನು ಮಾರುವವರಲ್ಲಿ ಸಿಗುವ, ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆ, ಮ್ಯೂಲ್ ಡಿಯರ್ ಅಥವಾ ಎಲ್ಕ್ ಎಂಬ ದೊಡ್ಡ ಜಿಂಕೆಯ ಕೂದಲು. ಪ್ರಾಣಿಯ ಹೆಸರು ಅಚ್ಚಾದ ಪ್ಯಾಕೆಟ್ಟನ್ನೂ ಬಿಲ್ಲನ್ನೂ ಕೂದಲು ಮುಗಿಯುವ ತನಕ ಜೋಪಾನವಾಗಿ ಇಟ್ಟುಕೊಳ್ಳಿ. ಕೂದಲನ್ನು ಬೇರೆ ಡಬ್ಬಿಗೆ ಹಾಕಿ ಚೀಟಿ ಎಸೆದುಬಿಟ್ಟರೆ ಅದು ಯಾವ ಪ್ರಾಣಿಯದೆಂದು ತೋರಿಸಲು ನಿಮ್ಮ ಬಳಿ ಏನೂ ಉಳಿಯುವುದಿಲ್ಲ.

ಯಾವ ಕೆಲಸಕ್ಕೆ ಯಾವ ಕೂದಲು

ಜಿಂಕೆ ಕೂದಲಿನ ಒಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳಿರುತ್ತವೆ. ತೇಲುವುದು ಅದರಿಂದಲೇ. ದಾರ ಬಿಗಿದಾಗ ಆ ಗೂಡುಗಳು ಅದುಮಿಕೊಂಡು, ಕೂದಲು ಎರಡೂ ಕಡೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಅರಳುವುದು ಎಂದರೆ ಇದೇ. ಬುಡದ ಕಡೆ ಗಾಳಿ ಹೆಚ್ಚು, ತುದಿಗೆ ಹೋದಂತೆ ಕಡಿಮೆ. ಚಳಿಗಾಲದ ಮೈಕೂದಲು ದಪ್ಪ, ಒಳಗೆ ಗಾಳಿಯೂ ಹೆಚ್ಚು. ಬೇಸಿಗೆಯ ಕೆಂಗಂದು ಕೂದಲು ತೆಳು, ಎಷ್ಟು ಬಿಗಿದರೂ ಚೆನ್ನಾಗಿ ಅರಳದು.

ಕಪ್ಪೆ, ನೀರಿನ ಮೇಲೆ ಸದ್ದು ಮಾಡುವ ಪಾಪರ್, ಮಡ್ಲರ್ ತಲೆಯಂಥ ಕತ್ತರಿಸಿ ರೂಪ ಕೊಡುವ ಕೆಲಸಕ್ಕೆ ಹೊಟ್ಟೆಯ ಕೂದಲು ಅಥವಾ ಚಳಿಗಾಲದ ಮೈಕೂದಲು ತೆಗೆದುಕೊಳ್ಳಿ. ಹೊಟ್ಟೆಯದು ಉದ್ದ, ಒರಟು. ಬೆಳ್ಳಗಿರುವುದರಿಂದ ಬಣ್ಣವೂ ಚೆನ್ನಾಗಿ ಹಿಡಿಯುತ್ತದೆ. ಡಾನ್ ಗೇಪನ್ 1930ರ ದಶಕದಲ್ಲಿ ಕೆನಡಾದ ನಿಪಿಗಾನ್ ನದಿಗಾಗಿ ಕಟ್ಟಿದ ಮಡ್ಲರ್ ಮಿನೋದಲ್ಲಿ, ತಲೆಯ ಹಿಂದೆ ಸುತ್ತ ಹರಡುವ ಕೊರಳಪಟ್ಟಿಗೆ ಕೂದಲಿನ ತುದಿಗಳೂ ಬೇಕು. ಅದಕ್ಕೆ ಹೊಟ್ಟೆಯ ಕೂದಲಿಗಿಂತ ಮೈಕೂದಲೇ ಒಳ್ಳೆಯದು.

ಸಣ್ಣ ಫ್ಲೈಗಳ ರೆಕ್ಕೆಗೆ ಇದರ ತದ್ವಿರುದ್ಧ. ಕಾಂಪರಾಡನ್ ಎಂಬ ತೇಲುವ ಸಣ್ಣ ಫ್ಲೈಗೆ ನವಿರಾದ, ಗಿಡ್ಡ ಕೂದಲು. ಆಲ್ ಟ್ರೋತ್ 1957ರಲ್ಲಿ ರೂಪಿಸಿದ ಎಲ್ಕ್ ಹೇರ್ ಕ್ಯಾಡಿಸ್ ಎಂಬ ಫ್ಲೈಗೆ, ಹೆಸರೇ ಹೇಳುವಂತೆ, ಎಲ್ಕ್. ಇವು ಗಟ್ಟಿ ಜಾತಿಯ ಕೂದಲು, ದಾರದ ಕೆಳಗೆ ಹೆಚ್ಚು ಹಾರಾಡುವುದಿಲ್ಲ. ಕ್ಯಾರಿಬು ಎಂಬ ಹಿಮನಾಡಿನ ಜಿಂಕೆಯ ಕೂದಲು ಬಲು ಮೆತ್ತಗೆ, ಸುಲಭವಾಗಿ ಅರಳುತ್ತದೆ, ಅಷ್ಟೇ ಸುಲಭವಾಗಿ ತುಂಡಾಗುತ್ತದೆ. ಕೊರವನ ಹಲ್ಲಿಗೆ ಅದು ತಾಳದು.

ಕೊಳ್ಳುವ ಮುನ್ನ

ಪ್ಯಾಕೆಟ್ ಕೈಗೆ ಸಿಕ್ಕರೆ ಮೊದಲು ತುದಿ ನೋಡಿ. ತುದಿಗಳು ಮುರಿದಿದ್ದರೆ ರೆಕ್ಕೆಗೂ ಕೊರಳಪಟ್ಟಿಗೂ ಆ ತುಂಡು ದಂಡ, ಕತ್ತರಿಸುವ ತಲೆಗೆ ಮಾತ್ರ ಆದೀತು. ತುದಿಯ ಕಪ್ಪು ಭಾಗ ಗಿಡ್ಡವಿರಬೇಕು. ಅಲ್ಲಿ ಗಾಳಿ ಇರುವುದಿಲ್ಲ, ಆದ್ದರಿಂದ ಉದ್ದ ಕಪ್ಪು ತುದಿಯ ಕೂದಲು ಸಣ್ಣ ಫ್ಲೈಯಲ್ಲಿ ತೇಲಿಸುವ ಕೆಲಸ ಮಾಡುವುದಿಲ್ಲ. ಕೂದಲು ನೆಟ್ಟಗಿರಲಿ, ಗುಂಗುರಾದದ್ದು ತುದಿ ಸಮ ಮಾಡುವಾಗ ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ. ಒಂದು ಎಳೆಯ ಬುಡವನ್ನು ಉಗುರಿನಿಂದ ಒತ್ತಿ: ಚಪ್ಪಟೆಯಾಗಿ ಮಡಚಿಕೊಂಡರೆ ಅರಳುವ ಜಾತಿ, ತಂತಿಯಂತೆ ಮತ್ತೆ ನೆಟ್ಟಗಾದರೆ ರೆಕ್ಕೆಯ ಜಾತಿ. ಬಣ್ಣ ಹಾಕಿದ್ದಾದರೆ ಒಂದೆರಡು ಎಳೆಯನ್ನು ಬಗ್ಗಿಸಿಯೂ ನೋಡಿ. ಬಣ್ಣದ ನೀರು ಅತಿಯಾಗಿ ಕಾದಿದ್ದರೆ ಕೂದಲು ಪಟಕ್ಕನೆ ಮುರಿಯುತ್ತದೆ. ಆನ್‌ಲೈನ್‌ನಲ್ಲಿ ತರಿಸುವವರು ಹೊಟ್ಟೆಯದೋ ಮೈಯದೋ ಎಂದು ಕೇಳದೆ ಹಣ ಹಾಕಬೇಡಿ.

ಹದ ಮಾಡುವುದು

ತೊಗಲಿನ ಮೇಲೆ ಜಿಡ್ಡು, ಮುಗ್ಗಲು ವಾಸನೆ ಇದ್ದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ ತೊಳೆದು, ತಣ್ಣೀರಲ್ಲಿ ಜಾಲಿಸಿ, ಕೂದಲು ಮೇಲಾಗಿ ಪೇಪರ್ ಮೇಲೆ ನೆರಳಲ್ಲಿ ಹರಡಿ. ಬಿಸಿನೀರು ತಾಗಿದರೆ ತೊಗಲು ಸುರುಟಿಕೊಳ್ಳುತ್ತದೆ. ಒಲೆಯ ಮೇಲಿನ ಅಟ್ಟಕ್ಕೆ ಹಾಕಿ ಒಣಗಿಸುವುದೂ ಬೇಡ, ಶಾಖಕ್ಕೆ ಕೂದಲು ಪೆಡಸಾಗುತ್ತದೆ.

2ರಿಂದ 4ನೇ ನಂಬರಿನ ದೊಡ್ಡ ಗಾಳಕ್ಕೆ ಪೆನ್ಸಿಲ್ ದಪ್ಪದ ಕುಚ್ಚು, 14ನೇ ನಂಬರಿನ ಸಣ್ಣ ಗಾಳದ ಕ್ಯಾಡಿಸ್ ರೆಕ್ಕೆಗೆ ಬೆಂಕಿಕಡ್ಡಿ ದಪ್ಪದ್ದು ಸಾಕು. ತೊಗಲಿಗೆ ಕತ್ತರಿ ತಾಗುವಷ್ಟು ಬುಡದಲ್ಲಿ ಕತ್ತರಿಸಿ. ಮೇಲಿನಿಂದ ಕತ್ತರಿಸಿದರೆ ಅರಳುವ ದಪ್ಪ ಭಾಗವೇ ತೊಗಲಿನಲ್ಲಿ ಉಳಿದು ವ್ಯರ್ಥ.

ಇನ್ನು, ಯಾರೂ ಅರ್ಧಕ್ಕೆ ಬಿಡಬಾರದ ಕೆಲಸ. ಕುಚ್ಚಿನ ತುದಿಯನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದು, ಬುಡದ ಕಡೆಗೆ ಬಾಚಿ. ಬೂದು ಬಣ್ಣದ ಹತ್ತಿಯಂಥ ಒಳತುಪ್ಪಳ ಉದುರುತ್ತದೆ, ಜೊತೆಗೆ ಗಿಡ್ಡ ಕೂದಲೂ. ಇನ್ನೇನೂ ಬಾರದು ಎನ್ನುವ ತನಕ ಬಾಚಬೇಕು. ಮೀಸೆ ಬಾಚುವ ಬಾಚಣಿಗೆ ಇದಕ್ಕೆ ಸರಿಯಾದದ್ದು. ಹೇನು ತೆಗೆಯುವ ಸೀರಣಿಗೆಯ ಹಲ್ಲು ತೀರಾ ಒತ್ತು, ದಪ್ಪ ಕೂದಲು ಮುರಿಯುತ್ತದೆ. ತುಪ್ಪಳ ಉಳಿದರೆ ದಾರ ಕೂದಲಿನ ನಡುವೆ ಇಳಿಯುವುದಿಲ್ಲ, ಕುಚ್ಚು ಗಾಳದ ದಂಡದ ಸುತ್ತ ತಿರುಗದೆ ಒಂದೇ ಕಡೆ ಗುಪ್ಪೆಯಾಗುತ್ತದೆ. ಮೇಲಾಗಿ ಅದು ನೀರು ಕುಡಿದು ಫ್ಲೈಯನ್ನು ಮುಳುಗಿಸುತ್ತದೆ. ಫ್ಲೈ ಮುಳುಗಿತೆಂದು ಕೂದಲನ್ನು ಬಯ್ಯುವವರು ಮೊದಲು ಬಾಚಣಿಗೆಯ ಕೆಲಸ ನೋಡಿಕೊಳ್ಳಲಿ.

ಕತ್ತರಿಸಿ ರೂಪ ಕೊಡುವ ಕಪ್ಪೆಗೆ ತುದಿ ಸಮ ಮಾಡುವುದು ಬೇಕಿಲ್ಲ. ತೆಳು ತುದಿಯನ್ನು ಮೊದಲೇ ಕತ್ತರಿಸಿ ತೆಗೆದರೆ ಕುಚ್ಚು ಇನ್ನೂ ಸಲೀಸಾಗಿ ತಿರುಗುತ್ತದೆ. ರೆಕ್ಕೆಗೂ ಕೊರಳಪಟ್ಟಿಗೂ ಮಾತ್ರ ಹೇರ್ ಸ್ಟ್ಯಾಕರ್, ಅಂದರೆ ತುದಿ ಸಮ ಮಾಡುವ ಕೊಳವೆ, ಬೇಕು. ತುದಿ ಕೆಳಗಾಗಿ ಕುಚ್ಚನ್ನು ಕೊಳವೆಗೆ ಇಳಿಬಿಟ್ಟು, ಕಡ್ಡಿಪೊರಕೆಯ ಬುಡವನ್ನು ನೆಲಕ್ಕೆ ಕುಟ್ಟಿ ಸಮ ಮಾಡುವ ಹಾಗೆ, ಮೇಜಿನ ಮೇಲೆ ಹತ್ತು ಹದಿನೈದು ಬಾರಿ ಕುಟ್ಟಿ. ನಂತರ ಕೊಳವೆಯನ್ನು ಅಡ್ಡ ಹಿಡಿದೇ ಬಿಚ್ಚಿ. ಕೊಳವೆಯಲ್ಲಿ ಕೂದಲು ಸಡಿಲವಾಗಿ ಓಡಾಡಬೇಕು, ಒತ್ತಾಗಿ ತುರುಕಿದರೆ ಎಷ್ಟು ಕುಟ್ಟಿದರೂ ಕದಲದು. ಫೆಬ್ರವರಿಯ ಒಣ ಗಾಳಿಯಲ್ಲಿ ಕೂದಲು ಪ್ಲಾಸ್ಟಿಕ್ ಕೊಳವೆಗೆ ಅಂಟಿಕೊಳ್ಳುತ್ತದೆ. ಹಿತ್ತಾಳೆಯದಾದರೆ ಈ ಕಾಟ ಕಡಿಮೆ.

ದೊಡ್ಡ ಫ್ಲೈಗೆ ಕೂರುವ ಮುಂಚೆ ಒಂದು ಕುಚ್ಚನ್ನು ಬರಿ ದಂಡದ ಮೇಲೆ ಪರೀಕ್ಷಿಸಿ. 200 ಡೆನಿಯರ್ ದಪ್ಪದ, ಜೆಲ್ ಸ್ಪನ್ ಎಂಬ ಬಲವಾದ ದಾರದಿಂದ ಎರಡು ಸುತ್ತು ಸಡಿಲ, ಮೂರನೆಯದನ್ನು ನೇರ ಕೆಳಗೆ ಬಿಗಿಯುತ್ತಾ ಬೆರಳು ಸಡಿಲಿಸಿ. ಕುಚ್ಚು ದಂಡವನ್ನು ಸುತ್ತುವರಿದು ಅರಳಬೇಕು. ಕೂದಲು ದಾರದ ಅಡಿಯಲ್ಲೇ ತುಂಡಾಗಿ ಉದುರಿದರೆ ಒಂದೋ ಕೂದಲು ಒಣಗಿ ಪೆಡಸಾಗಿದೆ, ಇಲ್ಲವೇ ದಾರ ಅತಿ ಸಣ್ಣ. ಅರ್ಧ ಮಾತ್ರ ಅರಳಿದರೆ ಕುಚ್ಚು ದಪ್ಪವಾಯಿತು.

ಕಕ್ಕಡದ ತೇವದಲ್ಲಿ

ಕಕ್ಕಡ ಎಂದರೆ ಕೊಡಗಿನಲ್ಲಿ ಜೋರು ಮಳೆಯ ತಿಂಗಳು. ಇಲ್ಲಿನ ಮಳೆಗಾಲ ತೊಗಲಿನ ಶತ್ರು. ಜೂನ್‌ನಿಂದ ಸೆಪ್ಟೆಂಬರ್ ತನಕ ತೆರೆದಿಟ್ಟ ತುಂಡಿಗೆ ಬೂಷ್ಟು ಹಿಡಿದು ಬುಡದಿಂದಲೇ ಕೂದಲು ಉದುರುತ್ತದೆ. ಪೂರ್ತಿ ಒಣಗಿದ ಮೇಲೆಯೇ ಜಿಪ್ ಚೀಲಕ್ಕೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬದಲ್ಲಿಡಿ. ಪೊಟ್ಟಣವನ್ನು ಆಗಾಗ ಬದಲಿಸಿ. ಹೊಸ ಪ್ಯಾಕೆಟ್ಟನ್ನು ಹಳೆಯದರ ಜೊತೆ ಸೇರಿಸುವ ಮೊದಲು ಹುಳುವಿನ ಮೊಟ್ಟೆ ಸಾಯಲೆಂದು ಫ್ರೀಜರ್‌ನಲ್ಲಿ ಒಂದು ವಾರ ಇಟ್ಟು, ಎರಡು ದಿನ ಹೊರಗಿಟ್ಟು, ಮತ್ತೊಂದು ವಾರ ಒಳಗಿಡಿ. ಹೊರತೆಗೆದ ಕೂಡಲೇ ಚೀಲ ಬಿಚ್ಚಬೇಡಿ. ಕೋಣೆಯ ಶಾಖಕ್ಕೆ ಬರುವ ತನಕ ಕಾಯದಿದ್ದರೆ ತಣ್ಣಗಿನ ಕೂದಲಿನ ಮೇಲೆ ನೀರು ಕಟ್ಟಿ, ಒಣಗಿಸುವ ಕೆಲಸ ಮತ್ತೆ ಮೊದಲಿನಿಂದ.